ಮೊಳೆಯ ಮೇಲೆ ನಿಂತ ಊರು

ಡಿಸೆಂಬರ್ ೪

ಮಹಾಮಹಿಮಳೂ, ಅಗ್ನಿಸಂಹಾರಿಣಿಯೂ, ಏಣಿಯ ತುದಿಯಲ್ಲಿ ನಿಂತು ಇಡೀ ಜಗತ್ತನ್ನು ಬಯ್ಯಬಲ್ಲವಳೂ ಆದ ನನ್ನ ಒಬ್ಬಳೇ ಅಕ್ಕನ ಸನ್ನಿಧಾನಕ್ಕೆ, ಪುರಸಭೆಯ ಕಟ್ಟಡ ವಿಭಾಗದ ಅತ್ಯಂತ ಕಿರಿಯ ನಕ್ಷೆಗಾರ ಮಾಡಿಕೊಳ್ಳುವ ಬಿನ್ನಹ.

ತರಬೇತಿ ಕೇಂದ್ರದಲ್ಲಿ ನಿಮ್ಮೆಲ್ಲರ ಫೋನು ಕಿತ್ತಿಟ್ಟುಕೊಂಡಿದ್ದಾರೆಂದು ಅಮ್ಮ ಹೇಳಿದಳು. ಬಹಳ ದುಃಖವಾಯಿತು. ಏಪ್ರಿಲ್‌ವರೆಗೆ ನನ್ನ ಮಾತಿನ ನಡುವೆ ನೀನು ಬಾಯಿ ಹಾಕುವಂತಿಲ್ಲ ಎಂದು ನೆನೆದು ದುಃಖ ಒರೆಸಿಕೊಂಡೆ.

ಸುದ್ದಿ ಕೇಳು. ಹೊಸ ಅಗ್ನಿಶಾಮಕ ಠಾಣೆಗೆ ಅನುದಾನ ಬಂದಿದೆ! ಮಾರ್ಚ್ ಮುಗಿಯುವುದರೊಳಗೆ ಜಾಗ ಗೊತ್ತುಮಾಡಿ ಸಭೆಯ ಒಪ್ಪಿಗೆ ಪಡೆದರೆ ನಮ್ಮದು, ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು. ನೀವು ಇಷ್ಟು ವರ್ಷ ಸೋರುವ ಬಾಡಿಗೆ ಶೆಡ್ಡಿನಲ್ಲಿ ಬೆಂಕಿಗಿಂತ ಹೆಚ್ಚಾಗಿ ಮಳೆಯ ಜೊತೆ ಹೋರಾಡಿದ್ದು ಸಾರ್ಥಕವಾಯಿತು.

ಜಾಗ ಹುಡುಕುವ ಹೊಣೆ ನಮ್ಮ ತೂಕದ ಸಾಹೇಬರದು. ನಿನಗೆ ನೆನಪಿರಬೇಕು, ನಮ್ಮ ಎಂಜಿನಿಯರು. ‘ಚಹಾ ತಾ’ ಎನ್ನುವುದನ್ನೂ ತೂಗಿ ಅಳೆದು ಹೇಳುವವರು. ಬರುವ ಮಾರ್ಚಿಗೆ ನಿವೃತ್ತಿ. ಅವರ ವಿಧಾನವೇನು ಗೊತ್ತಾ? ಊರಿನ ನಕ್ಷೆಯನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿದರು. ಮನೆ ಹೆಚ್ಚಿರುವ ಬೀದಿಗಳ ಮೇಲೆ ಅಂಗಿಯ ಗುಂಡಿಗಳನ್ನು ಅಂಟಿಸಿದರು. ಹಲಗೆಗೆ ಒಂದು ಮೊಳೆಯನ್ನು ತುದಿ ಮೇಲಾಗಿ ಹೊಡೆದು, ಅದರ ಮೇಲೆ ರಟ್ಟನ್ನು ಅತ್ತ ಇತ್ತ ಸರಿಸುತ್ತ ಹೋದರು. ಎಲ್ಲಿ ರಟ್ಟು ಅಲುಗದೆ ನಿಲ್ಲುತ್ತದೋ ಅದೇ ಊರಿನ ತೂಕದ ನಡು. ಅಲ್ಲೇ ಠಾಣೆ. ಅವರ ಗುರುಗಳು ಹಾಗೇ ಮಾಡುತ್ತಿದ್ದರಂತೆ.

ಇಂಥ ಪವಿತ್ರ ಕಾರ್ಯದಲ್ಲಿ ನಿನ್ನ ತಮ್ಮನ ಕಾಣಿಕೆ ಇಲ್ಲದಿದ್ದರೆ ಹೇಗೆ? ಎರಡು ಪೊಟ್ಟಣ ಚ್ಯೂಯಿಂಗ್ ಗಮ್ ದವಡೆ ನೋಯುವಷ್ಟು ಜಗಿದು, ಉಂಡೆ ಮಾಡಿ, ರಟ್ಟಿನ ಬೆನ್ನಿಗೆ, ಪೇಟೆ ಕಡೆ, ಅಂಟಿಸಿಬಿಟ್ಟೆ. ಮೊಳೆ ಹೋಗಿ ಪುರಸಭೆ ಅಧ್ಯಕ್ಷೆಯ ಮನೆ ಅಂಗಳಕ್ಕೆ ಚುಚ್ಚಲಿ, ಸಾಹೇಬರು ಮುಖ ಗಂಟು ಹಾಕಿಕೊಂಡು “ಮೇಡಂ, ತಮ್ಮ ಅಡುಗೆಮನೆ ಖಾಲಿ ಮಾಡ್ಬೇಕಾಗುತ್ತೆ” ಅನ್ನಲಿ ಎಂಬ ಆಸೆ. ಅಷ್ಟು ದೂರ ಹೋಗಲಿಲ್ಲ. ರೈಲ್ವೆ ಗೇಟಿನ ಈಚೆ, ಹಳೇ ನೀರಿನ ಟ್ಯಾಂಕು ಕೆಡವಿದ ಪುರಸಭೆಯ ಖಾಲಿ ಜಾಗದಲ್ಲಿ ನಿಂತಿತು. ಜಾಗ ಕೊಳ್ಳುವ ಖರ್ಚೇ ಇಲ್ಲ! ಅಧ್ಯಕ್ಷೆ ಚಪ್ಪಾಳೆ ತಟ್ಟಿದರು. ಸಾಹೇಬರು “ವಿಜ್ಞಾನ ಸುಳ್ಳು ಹೇಳಲ್ಲ” ಎಂದರು. ನಾನು ಕೆಮ್ಮಿನ ನೆಪ ಮಾಡಿ ಹೊರಗೆ ಓಡಿ, ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಇತಿ, ಊರಿನ ಸಮತೋಲ ಕಾಪಾಡುವ,
ನಿನ್ನ ಕಪಿ

ಡಿಸೆಂಬರ್ ೧೩

ಕಪಿ,

ನಿನ್ನ ಕಾಗದ ಊಟದ ಹೊತ್ತಿಗೆ ಬಂತು. ಅನುದಾನದ ಸುದ್ದಿ ಓದಿ ಪಕ್ಕದವಳ ಬೆನ್ನಿಗೆ ಒಂದು ಗುದ್ದಿದೆ. ಮುಂದೆ ಓದಿದ ಮೇಲೆ ಊಟ ಸೇರಲಿಲ್ಲ.

ಮೊಳೆ ಎಲ್ಲಿ ನಿಂತಿತೆಂದು ನೀನೇ ಬರೆದಿದ್ದೀಯ. ಇನ್ನೊಂದು ಸಲ ಓದು. ಗೇಟಿನ ಈಚೆ. ನಮ್ಮ ಮನೆ ಎಲ್ಲಿದೆ? ಹಾಸಿಗೆ ಅಂಗಡಿಗಳ ಬೀದಿ ಎಲ್ಲಿದೆ? ಎರಡೂ ಗೇಟಿನಾಚೆ. ಹತ್ತಿ ಹೊಗೆಯಾಡುತ್ತಾ ಕೂತಿರುತ್ತದೆ, ಆಮೇಲೆ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದೆ. ಈಗ ನಮ್ಮ ಶೆಡ್ಡು ಆ ಬೀದಿಯ ತುದಿಯಲ್ಲೇ ಇದೆ. ಹೊಸ ಠಾಣೆ ಬಂದರೆ ಶೆಡ್ಡು ಮುಚ್ಚುತ್ತಾರೆ. ಆಮೇಲೆ ಇಂಜಿನ್ನು ರೈಲ್ವೆ ಗೇಟು ದಾಟಿ ಬರಬೇಕು. ಆ ಕಡೆಗೆ ಬೇರೆ ರಸ್ತೆ ಇಲ್ಲ. ಗೂಡ್ಸು ಗಾಡಿ ಬಂದರೆ ಗೇಟು ಎಷ್ಟು ಹೊತ್ತು ಹಾಕಿರುತ್ತದೆ ಅಂತ ನಿನಗೆ ಹೇಳಿಕೊಡಬೇಕಾ? ದಿನಾ ಸೈಕಲ್ ಹಿಡಿದು ಅಲ್ಲೇ ನಿಲ್ಲುತ್ತೀಯಲ್ಲ.

ಗಮ್ಮು ಕಿತ್ತು ಹಾಕು. ಕಿತ್ತ ಮೇಲೆ ಬರೆ.

ಅಕ್ಕ

ಡಿಸೆಂಬರ್ ೨೨

ಪರಮಪೂಜ್ಯ ಅಕ್ಕ,

ಅಪ್ಪಣೆ ಶಿರಸಾವಹಿಸಿದೆ. ಆದರೆ ವಿಧಿ ನನಗಿಂತ ದೊಡ್ಡ ತುಂಟ.

ನಿನ್ನ ಕಾಗದ ಓದಿದಾಗ ನಗು ಹೋಯಿತು, ನಿಜ. ಗೇಟಿನ ಯೋಚನೆ ನನಗೆ ಹೊಳೆದೇ ಇರಲಿಲ್ಲ. ನಾನು ನೋಡಿದ್ದು ರಟ್ಟು ಮತ್ತು ಗುಂಡಿ. ರಟ್ಟಿನ ಮೇಲೆ ರೈಲು ಓಡುವುದಿಲ್ಲವಲ್ಲ! ಮಾರನೇ ದಿನವೇ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದೆ. ರಟ್ಟು ಇರಲಿಲ್ಲ. ಜವಾನನನ್ನು ಕೇಳಿದರೆ, “ಅದಾ? ಅಧ್ಯಕ್ಷರು ಚೌಕಟ್ಟು ಹಾಕ್ಸೋಕೆ ಕಳ್ಸಿದಾರೆ. ಇತಿಹಾಸ ಅಂತೆ” ಅಂದ.

ಈಗ ಅದು ಗಾಜಿನ ಹಿಂದೆ, ಸಭಾಂಗಣದ ಗೋಡೆ ಮೇಲೆ, ಗುಂಡಿಗಳ ಸಮೇತ ತೂಗುತ್ತಿದೆ. ಕೆಳಗೆ ಹಿತ್ತಾಳೆ ಪಟ್ಟಿ: ‘ವೈಜ್ಞಾನಿಕ ನಗರ ಯೋಜನೆ’. ಹಿಂದುಗಡೆ ಹಲಗೆ ಹೊಡೆದು ಮುಚ್ಚಿದ್ದಾರೆ. ನನ್ನ ಗಮ್ಮು ಅದರೊಳಗೆ ಸಮಾಧಿಸ್ಥವಾಗಿದೆ. ಕಿತ್ತರೂ ಏನುಪಯೋಗ ಹೇಳು, ಜಾಗ ಆಗಲೇ ಕಡತಕ್ಕೆ ಹತ್ತಿದೆ.

ಹೆದರಬೇಡ. ಸಾರ್ವಜನಿಕ ಆಕ್ಷೇಪಣೆಗೆ ಮಾರ್ಚ್‌ವರೆಗೆ ಕಾಲ ಕೊಟ್ಟಿದ್ದಾರೆ. ಯಾರಾದರೂ ಒಬ್ಬ ಬುದ್ಧಿವಂತ ಗೇಟಿನ ವಿಷಯ ಎತ್ತೇ ಎತ್ತುತ್ತಾನೆ.

ನಿನ್ನ, ತಕ್ಕಮಟ್ಟಿಗೆ ಪಶ್ಚಾತ್ತಾಪಪಟ್ಟ,
ಕಪಿ

ಜನವರಿ ೩

ಯಾರಾದರೂ ಎತ್ತುತ್ತಾನೆ ಅಂತ ಬರೆದಿದ್ದೀಯ. ಆ ಯಾರಾದರೂ ಇಷ್ಟು ವರ್ಷ ನಾನೇ ಆಗಿದ್ದೆ. ಮೇಷ್ಟರ ಕುರ್ಚಿಗೆ ಗೋಂದು ಹಚ್ಚಿದಾಗ ನಾನು. ಪಕ್ಕದ ಮನೆಯವರ ಗಂಟೆಗೆ ದಾರ ಕಟ್ಟಿದಾಗ ನಾನು. “ನಮ್ಮುಡುಗ ಸಣ್ಣೋನು, ಬಿಡಿ” ಅಂತ ಬಾಗಿಲು ಬಾಗಿಲಿಗೆ ಹೋಗಿ ಹಲ್ಲು ಗಿಂಜಿದ್ದೇನೆ.

ಈ ಸಲ ಹೋಗುವುದಿಲ್ಲ. ಹೋಗಿ ಸಾಹೇಬರಿಗೆ ಹೇಳು.

ಅಕ್ಕ

ಜನವರಿ ೨೬

ಅಕ್ಕ,

ತಡವಾಯಿತು. ಮೊದಲು ಸುಲಭದ ದಾರಿಗಳನ್ನೆಲ್ಲ ನೋಡಿ ಬಂದೆ. ನನ್ನನ್ನು ನೀನು ಬಲ್ಲೆ.

ಆಕ್ಷೇಪಣೆಗಳನ್ನು ಬರೆದೆ. ಒಂದು ‘ನೊಂದ ನಾಗರಿಕ’ನ ಹೆಸರಲ್ಲಿ, ಒಂದು ‘ಹಾಸಿಗೆ ವರ್ತಕರ ಹಿತೈಷಿ’ಯ ಹೆಸರಲ್ಲಿ, ಒಂದು ಎಡಗೈಯಲ್ಲಿ, ‘ಇಬ್ಬರು ವಿಧವೆಯರು’ ಅಂತ. ಎಲ್ಲವನ್ನೂ ವಿಳಾಸವಿಲ್ಲ ಎಂದು ತಳ್ಳಿಹಾಕಿದರು. ತಳ್ಳಿಹಾಕಿ ಕಡತಕ್ಕೆ ಸೇರಿಸುವ ಉತ್ತರದ ಕರಡು ಬರೆಯುವ ಕೆಲಸ ನನಗೇ ಬಂತು. “ತಮ್ಮ ಕಳಕಳಿಯನ್ನು ಗೌರವಿಸುತ್ತಾ” ಎಂದು ನನಗೆ ನಾನೇ ಬರೆದುಕೊಂಡೆ. ಬೇರೆ ದಿನವಾಗಿದ್ದರೆ ಅದಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದೆ.

ಕೊನೆಗೆ ನಿನ್ನೆ ಸಾಹೇಬರ ಕೋಣೆಗೆ ಹೋದೆ. ಬಾಗಿಲು ಹಾಕಿದೆ. ಹೇಳಿದೆ. ಗಮ್ಮು, ಉಂಡೆ, ಎಲ್ಲ. ಅವರು ತಲೆ ಎತ್ತಲಿಲ್ಲ. ಕನ್ನಡಕ ಒರೆಸುತ್ತಲೇ ಇದ್ದರು.

“ಕೂತ್ಕೋ” ಅಂದರು. “ನನಗೆ ಅವತ್ತೇ ಗೊತ್ತಿತ್ತು.”

ನಾನು ಕುರ್ಚಿಯ ತುದಿಗೆ ಕೂತೆ.

“ನಾನೇನು ಎಲ್ಲರ ಮುಂದೆ ಮೊದಲ್ನೇ ಸಲ ನಿಲ್ಲಿಸ್ತೀನಾ? ಹಿಂದಿನ ದಿನವೇ ಒಬ್ನೇ ನಿಲ್ಸಿ ನೋಡಿದ್ದೆ. ಗೇಟಿನಾಚೆ ನಿಂತಿತ್ತು, ಮರ ಮಾರೋ ಹಳೇ ಅಡ್ಡೆ ಹತ್ರ. ಅದು ಖಾಸಗಿ ಜಾಗ. ಕೊಳ್ಬೇಕು. ನಾನು ಈ ಕಚೇರಿಗೆ ಬಂದಾಗಿಂದ ಗೇಟಿನಾಚೆ ಜಾಗಕ್ಕೆ ಕಡತ ಕಳಿಸ್ತಾನೇ ಇದೀನಿ. ಜಾಗ ಕೊಳ್ಳೋದು ಅಂದ ತಕ್ಷಣ ಸಭೇಲಿ ಎಲ್ಲರಿಗೂ ಕೆಮ್ಮು ಬರುತ್ತೆ. ನಿನ್ನ ಗಮ್ಮು ಬಂತು ನೋಡು, ಎಲ್ಲರ ಕೆಮ್ಮೂ ನಿಂತೋಯ್ತು.”

“ಆದ್ರೆ ಗೇಟು, ಸಾರ್?”

“ಮೇಲ್ಸೇತುವೆ ಬರುತ್ತೆ.”

“ಯಾವಾಗ?”

“ನಾನು ಹೋದ ಮೇಲೆ.”

ಆಮೇಲೆ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. “ನೀನು ಬಾಯಿ ಬಿಟ್ರೆ ಈ ಜಾಗ ಬಿದ್ದೋಗುತ್ತೆ. ಮಾರ್ಚ್ ಒಳಗೆ ಇನ್ನೊಂದು ಸಿಗಲ್ಲ. ಹಣ ವಾಪಸ್ ಹೋಗುತ್ತೆ. ನಿಮ್ಮಕ್ಕ ಬಂದು ಅದೇ ಶೆಡ್ಡಿನ ಕೆಳಗೆ ಮಲಗ್ತಾಳೆ. ಕೆಟ್ಟ ಜಾಗದಲ್ಲಿ ಠಾಣೆ ಇರೋದು ಮೇಲೋ, ಒಳ್ಳೇ ಜಾಗದಲ್ಲಿ ಇಲ್ದೇ ಇರೋದು ಮೇಲೋ? ನೀನೇ ತೂಗಿ ಹೇಳು.”

ನನಗೆ ತೂಗಲು ಬರಲಿಲ್ಲ ಅಕ್ಕ. ಬೇಗ ಬರೆ.

ಕಪಿ

ಫೆಬ್ರವರಿ ೧೭

ಅಕ್ಕ,

ನಿನ್ನ ಉತ್ತರ ಬರಲಿಲ್ಲ. ಅಂಚೆಯವನು ನನ್ನನ್ನು ಕಂಡರೆ ಈಗ ಸೈಕಲ್ ತಿರುಗಿಸುತ್ತಾನೆ.

ಇದನ್ನು ಹೇಗೆ ಬರೆಯುವುದೋ ತಿಳಿಯದು. ಮೊನ್ನೆ ಮಧ್ಯಾಹ್ನ ಶೆಡ್ಡಿನ ಒಂದು ತೊಲೆ ಕುಸಿಯಿತು. ಪೈಪು ಸುತ್ತಿಡುವ ಮೂಲೆಯ ಮೇಲೆ ಬಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಸುಮ್ಮನೆ. ಇಂಜಿನ್ ಚಾಲಕ ಅಲ್ಲೇ ಕೂತು ಬೂಟು ಒರೆಸುತ್ತಿದ್ದನಂತೆ. ಹೆಗಲ ಮೂಳೆ ಸರಿದಿದೆ, ಬೇರೇನಿಲ್ಲ. ಗೆದ್ದಲು ಹಿಡಿದ ತೊಲೆಯನ್ನು ನೋಡಿ ಬಂದೆ. ಕೈಯಿಟ್ಟರೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು.

ಚಾಲಕ ಕೈಯನ್ನು ಕೊರಳಿಗೆ ಕಟ್ಟಿದ ಜೋಲಿಗೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ. “ಏನಪ್ಪಾ ನಕ್ಷೆ ಸಾಹೇಬ, ನಮ್ಮ ಹೊಸ ಮನೆ ಎಲ್ಲಿಗೆ ಬಂತು?” ಅಂದ. ನಾನು ಗೇಟಿನ ವಿಷಯ ಎತ್ತಿದೆ. “ಯಾವ ಕಡೆ ಆದ್ರೂ ಸರಿ ಮಾರಾಯ, ತಲೆ ಮೇಲೆ ಬೀಳ್ದಿರೋ ಸೂರು ಕೊಡ್ಸು” ಅಂದ. ತಮಾಷೆಗೆ ಅನ್ನಲಿಲ್ಲ. ನಾನು ಅಲ್ಲಿಂದ ಎದ್ದು ನಮ್ಮ ಮನೆಗೆ ಬಂದೆ. ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಹತ್ತಿ ರಾಶಿ ಹಾಕಿದ್ದರು. ಅಮ್ಮ ಒಲೆ ಹಚ್ಚುತ್ತಿದ್ದಳು. ಅವಳು ಕಡ್ಡಿ ಗೀರಿದ ಸದ್ದಿಗೆ ಬೆಚ್ಚಿಬಿದ್ದೆ.

“ಏನಾಯ್ತೋ ನಿಂಗೆ? ಮನೇಲಿ ಇಷ್ಟು ದಿನ ಯಾರ ಚಪ್ಪಲೀನೂ ಕಾಣೆಯಾಗಿಲ್ಲ, ಉಪ್ಪಿನ ಡಬ್ಬೀಲಿ ಉಪ್ಪೇ ಇದೆ. ಜ್ವರನಾ?” ಅಂತ ಹಣೆ ಮುಟ್ಟಿ ನೋಡಿದಳು. ಜ್ವರವೇ ಅಂದೆ.

ಬಾಯಿ ಬಿಟ್ಟರೆ ನಿನ್ನ ಹುಡುಗರ ತಲೆ ಮೇಲೆ ಅದೇ ಕುಸಿಯುವ ಸೂರು. ಬಿಡದಿದ್ದರೆ ಅಮ್ಮ ಗೇಟಿನಾಚೆ. ಒಂದು ಸಾಲು ಬರೆ. ಹೇಳು ಅಥವಾ ಬೇಡ. ಅಷ್ಟೇ ಸಾಕು.

ತಮ್ಮ

ಫೆಬ್ರವರಿ ೨೮

ತಮ್ಮಾ,

ಚಾಲಕ ಬೂಟು ಒರೆಸುವ ಆ ಜಾಗ ನನ್ನದು. ನಾನಿಲ್ಲ ಅಂತ ಅವನು ಕೂತಿದ್ದ.

ಪುರಸಭೆಗೆ ನಾನೇ ಒಂದು ಕಾಗದ ಬರೆದೆ, ಗೇಟಿನ ವಿಷಯ ಪೂರ್ತಿ. ಹರಿದೆ. ಆಮೇಲೆ ನಿನಗೆ ‘ಸುಮ್ಮನಿರು’ ಅಂತ ಬರೆದೆ. ಅದನ್ನೂ ಹರಿದೆ. ಇಲ್ಲಿ ನಮಗೆ ದಿನಾ ಕಲಿಸುತ್ತಾರೆ, ಹೊಗೆಯೊಳಗೆ ಹೋದಾಗ ಮೊದಲು ಯಾರನ್ನು ಹೊರಗೆ ತರಬೇಕು ಅಂತ. ಹತ್ತಿರ ಇದ್ದವರನ್ನು. ಇದು ಅದಕ್ಕೆ ಹೊಂದುವುದಿಲ್ಲ. ಇಬ್ಬರೂ ಹತ್ತಿರದವರೇ.

ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ನಿನಗೆ ಅನ್ನಿಸಿದ್ದರೆ ಅದು ಅಕ್ಕನಾಗಿ ಹುಟ್ಟಿದ ತಪ್ಪು. ನೀನು ಏನು ಮಾಡಿದರೂ ಆಮೇಲೆ ಹೀಗೆ ಮಾಡಬೇಕಿತ್ತು ಅನ್ನುವುದಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಅಮ್ಮನಿಗೆ ಚಾಲಕನ ಮನೆಗೆ ಊಟ ಕಳಿಸಲು ಹೇಳು.

ಅಕ್ಕ

ಮಾರ್ಚ್ ೨೬

ಅಕ್ಕ,

ಸಭೆ ಇವತ್ತು ಮುಗಿಯಿತು.

ಠಾಣೆಯ ವಿಷಯ ಕೊನೆಯದಿತ್ತು. ನಾನು ಗೋಡೆಗೆ ಒರಗಿ ನಕ್ಷೆಗಳ ಸುರುಳಿ ಹಿಡಿದು ನಿಂತಿದ್ದೆ. ಜನರ ಸಾಲಿನಲ್ಲಿ ಅಮ್ಮ ಕೂತಿದ್ದಳು. ನಾನು ಬರೆದ ನಕ್ಷೆ ಎಲ್ಲರ ಮುಂದೆ ತೋರಿಸುತ್ತಾರೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಅವಳ ಹಿಂದೆ ಚಾಲಕ, ಜೋಲಿಯ ಸಮೇತ. ಅಧ್ಯಕ್ಷೆ ಕೇಳಿದರು, “ಆಕ್ಷೇಪಣೆ ಯಾವುದೂ ಇಲ್ಲ ಅಂತ ಬರ್ಕೊಳ್ಳೋಣವಾ?”

ನನ್ನ ಕೈ ಎದ್ದಿತ್ತು. ನಾನು ಎತ್ತಿದ್ದು ನೆನಪಿಲ್ಲ.

“ಏನಪ್ಪಾ, ನಿಂದೇನು?”

ನನಗೆ ಹೆದರಿಕೆಯಾದಾಗ ಏನಾಗುತ್ತದೆಂದು ನಿನಗೆ ಗೊತ್ತು. “ಮಾನ್ಯ ಅಧ್ಯಕ್ಷರೇ, ಈ ಮಹಾಸಭೆಯ ಸಮ್ಮುಖದಲ್ಲಿ, ಈ ದೀನ ನಕ್ಷೆಗಾರನು ಒಂದು ಘೋರ ಸತ್ಯವನ್ನು ನಿವೇದಿಸಿಕೊಳ್ಳುತ್ತಾನೆ” ಎಂದು ಶುರುವಾಯಿತು. ಸಭೆ ನಕ್ಕಿತು. ಗಮ್ಮಿನ ವಿಷಯ ಹೇಳಿದೆ, ಇನ್ನೂ ಜೋರಾಗಿ ನಕ್ಕರು. ಒಬ್ಬ ಸದಸ್ಯ ಕಣ್ಣೊರೆಸಿಕೊಂಡು “ಹುಡುಗ ಚೆನ್ನಾಗಿ ನಗಿಸ್ತಾನ್ರೀ, ಮುಂದಕ್ಕೆ ಹೋಗೋಣ” ಅಂದ. ಅಕ್ಕ, ಆ ನಗು ನನ್ನ ಕಿವಿಗೆ ಬಿದ್ದಾಗ ನನ್ನ ಮಾತು ಇಷ್ಟು ವರ್ಷ ಹೇಗೆ ಕೇಳಿಸುತ್ತಿತ್ತೆಂದು ತಿಳಿಯಿತು. ಅಧ್ಯಕ್ಷೆ ಆಗಲೇ ಪೆನ್ನು ತೆಗೆದಿದ್ದರು.

“ಗೇಟು ಹಾಕಿದ್ರೆ ನಮ್ಮಮ್ಮನ ಮನೆಗೆ ಇಂಜಿನ್ ಬರಲ್ಲ” ಅಂದೆ. ಅಷ್ಟೇ ಬಂತು ಬಾಯಿಗೆ.

ಆಗ ಯಾರೂ ನಗಲಿಲ್ಲ. ಆದರೆ ಯಾರೂ ನಂಬಲೂ ಇಲ್ಲ. ಎಲ್ಲರೂ ಸಾಹೇಬರ ಕಡೆ ತಿರುಗಿದರು. “ಏನ್ರೀ ಇದು? ಹುಡುಗಾಟವಾ, ನಿಜವಾ?” ಎಂದು ಅಧ್ಯಕ್ಷೆ ಕೇಳಿದರು. ಸಾಹೇಬರು ‘ಹುಡುಗಾಟ’ ಅಂದಿದ್ದರೆ ಮುಗಿಯುತ್ತಿತ್ತು. ಅವರಿಗೆ ಮುಂದಿನ ವಾರ ಬೀಳ್ಕೊಡುಗೆ, ಅದಕ್ಕೆ ಹಾರ ಕೂಡ ಹೇಳಿಟ್ಟಿದ್ದರು. ಅವರು ಎದ್ದರು. ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು ಹೋಗಿ, ಹತ್ತಿ, ಚೌಕಟ್ಟನ್ನು ಇಳಿಸಿದರು. ಅಷ್ಟು ವಯಸ್ಸಾದವರು ಕುರ್ಚಿ ಮೇಲೆ ನಿಂತು ತೂಗಾಡುವಾಗ ಯಾರೂ ಕೈ ಕೊಡಲಿಲ್ಲ. ನಾನೂ ಸುರುಳಿ ಹಿಡಿದು ನಿಂತೇ ಇದ್ದೆ. ಮೇಜಿನ ಮೇಲೆ ಬೋರಲು ಹಾಕಿ ಹಿಂದಿನ ಹಲಗೆಯನ್ನು ಬೀಗದ ಕೈಯಿಂದ ಮೀಟಿ ತೆಗೆದರು.

ಕಲ್ಲಿನ ಹಾಗೆ ಗಟ್ಟಿಯಾಗಿ ಅಲ್ಲೇ ಇತ್ತು, ನನ್ನ ಹಲ್ಲಿನ ಗುರುತಿನ ಸಮೇತ.

“ಇದು ನಿಂದಾ?” ಅಂದರು ಅಧ್ಯಕ್ಷೆ.

“ಹೌದು ಮೇಡಂ. ಬೇಕಾದ್ರೆ ಹಲ್ಲು ಹೊಂದ್ಸಿ ನೋಡಬಹುದು.”

ಅದು ತಮಾಷೆಗೆ ಹೇಳಿದ್ದಲ್ಲ. ಯಾರೂ ಹಾಗೆ ತಿಳಿಯಲೂ ಇಲ್ಲ.

“ನನಗೂ ಗೊತ್ತಿತ್ತು” ಅಂದರು ಸಾಹೇಬರು. “ಗೊತ್ತಿದ್ದೂ ಸಹಿ ಹಾಕಿದ್ದೀನಿ. ಜಾಗ ಗೇಟಿನಾಚೇನೇ ಬೇಕು. ಅದನ್ನ ಬರ್ಕೊಳ್ಳಿ.”

ಬರೆದುಕೊಂಡರು. ಠಾಣೆ ಗೇಟಿನಾಚೆಯೇ ಆಗಬೇಕು, ಅಲ್ಲಿಯವರೆಗೆ ಶೆಡ್ಡು ಮುಚ್ಚುವಂತಿಲ್ಲ ಎಂದು ಗೊತ್ತುವಳಿಯಾಯಿತು. ಅನುದಾನ ವಾಪಸ್ಸು. ನನ್ನನ್ನು ಕೆಲಸದಿಂದ ತೆಗೆದರು, ಅದು ನ್ಯಾಯ. ಸಾಹೇಬರಿಗೆ ನೋಟಿಸು, ಬೀಳ್ಕೊಡುಗೆ ಇಲ್ಲ. ಹೊರಗೆ ಬರುವಾಗ ಚಾಲಕ ನನ್ನ ಪಕ್ಕದಲ್ಲೇ ಹಾದುಹೋದ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅಮ್ಮನ ಜೊತೆ ಮನೆಗೆ ಹೊರಟೆ. ಗೇಟು ಹಾಕಿತ್ತು, ಇಬ್ಬರೂ ನಿಂತೆವು, ಗೂಡ್ಸು ಗಾಡಿ ಹೋಗುತ್ತಲೇ ಇತ್ತು. ಮನೆಗೆ ಬಂದು ತಟ್ಟೆ ಹಾಕಿದಳು. “ಈಗ ಊಟ ಮಾಡು. ನಾಳೆಯಿಂದ ಬೈತೀನಿ” ಅಂದಳು.

ತಮ್ಮ

ಏಪ್ರಿಲ್ ೧೮

ತಮ್ಮಾ,

ನಾನು ಬರುವ ಹಿಂದಿನ ದಿನವೇ ನೀನು ಪಕ್ಕದೂರಿನ ಬೋರ್ಡು ಬರೆಯುವ ಅಂಗಡಿಗೆ ಸೇರಿಕೊಂಡು ಹೋದೆಯಂತೆ. ನನ್ನನ್ನು ನೋಡಲು ಅಷ್ಟು ಭಯವಾ? ಅಮ್ಮ ಇನ್ನೂ ಬಯ್ಯುತ್ತಿದ್ದಾಳೆ. ನೀನಿಲ್ಲದ್ದಕ್ಕೆ ನನ್ನನ್ನು ಕೂರಿಸಿಕೊಂಡು ಬಯ್ಯುತ್ತಾಳೆ.

ಶೆಡ್ಡಿನ ಸ್ಥಿತಿ ಬರೆಯುತ್ತೇನೆ, ಸಿಹಿ ಮಾಡುವುದಿಲ್ಲ. ನಾವು ಈಗ ಇಂಜಿನ್ನಿನ ಪಕ್ಕದಲ್ಲೇ ಮಲಗುತ್ತೇವೆ, ಅಲ್ಲಿಯ ತೊಲೆ ಇನ್ನೂ ಗಟ್ಟಿ. ಮಿಕ್ಕ ಕಡೆ ಊರುಗೋಲಿನ ಹಾಗೆ ಮರದ ಕಂಬ ಕೊಟ್ಟಿದ್ದಾರೆ. ಒಂದು ಕಂಬಕ್ಕೆ ಯಾರೋ ನಿನ್ನ ಅಡ್ಡಹೆಸರು ಕೆತ್ತಿದ್ದಾರೆ. ಪ್ರೀತಿಯಿಂದ ಅಲ್ಲ. ಚಾಲಕನ ಹೆಗಲು ಇನ್ನೂ ಪೂರ್ತಿ ಏಳುವುದಿಲ್ಲ. ನನ್ನ ಮುಂದೆ ನಿನ್ನ ವಿಷಯ ಬಂದರೆ ಎಲ್ಲರೂ ಪೈಪು ಸುತ್ತಲು ಎದ್ದುಹೋಗುತ್ತಾರೆ. ಮಳೆಗಾಲಕ್ಕೆ ಏನು ಮಾಡುವುದೋ ನನಗೆ ಗೊತ್ತಿಲ್ಲ. ಮಲಗಿದಾಗ ಮೇಲೆ ನೋಡುತ್ತೇನೆ, ನಿನ್ನ ಮೇಲೆ ಸಿಟ್ಟು ಬರುತ್ತದೆ. ಆ ಕಡೆ ಮಗ್ಗುಲಾದರೆ ಹಾಸಿಗೆ ಬೀದಿಯ ದೀಪ ಕಾಣುತ್ತದೆ, ಆಗ ಬರುವುದಿಲ್ಲ. ಹೀಗೆ ಮಗ್ಗುಲು ಬದಲಿಸುತ್ತಾ ಬೆಳಗಾಗುತ್ತದೆ.

ಮೊನ್ನೆ ಬೆಳಗ್ಗೆ ತೂಕದ ಸಾಹೇಬರು ಬಂದರು. ಈಗ ಸಾಹೇಬರಲ್ಲ, ಸುಮ್ಮನೆ ಒಬ್ಬ ಮುದುಕರು, ಸೈಕಲ್ಲಿನಲ್ಲಿ. ನಾನು ಕುರ್ಚಿ ಹಾಕಿದೆ, ಕೂರಲಿಲ್ಲ. ಹುಡುಗರು ಅವರಿಗೂ ಬೆನ್ನು ತಿರುಗಿಸಿ ನಿಂತರು.

“ಏನ್ಸಾರ್, ಏನಾಗ್ಬೇಕಿತ್ತು?” ಅಂದೆ.

“ಆ ಮರದ ಅಡ್ಡೆ ಯಜಮಾನರ ಹತ್ರ ಮಾತಾಡ್ದೆ. ಜಾಗದ ಅರ್ಧ ಕೊಡೋಕೆ ಒಪ್ಪಬಹುದು, ಒಪ್ಪದೇನೂ ಇರಬಹುದು. ಮುಂದಿನ ಸಲದ ಅನುದಾನಕ್ಕೆ ಅರ್ಜಿ ಈಗ್ಲೇ ಹೋಗ್ಬೇಕು. ಅರ್ಜಿಗೆ ಅಳತೆ ಬೇಕು.”

“ನೀವು ಈಗ ಕೆಲಸದಲ್ಲಿ ಇಲ್ವಲ್ಲ ಸಾರ್.”

“ಅದಕ್ಕೇ ಪುರುಸೊತ್ತಿದೆ” ಅಂದರು. ಜೇಬಿನಿಂದ ಅಳತೆ ಟೇಪು ತೆಗೆದು, ಹುಡುಗರ ಬೆನ್ನುಗಳನ್ನು ಒಂದು ಸಲ ನೋಡಿದರು, ನನ್ನನ್ನು ನೋಡಿದರು. “ಇನ್ನೊಂದು ತುದಿ ಹಿಡಿಯೋಕೆ ಒಬ್ರು ಬೇಕು. ಆ ಕಪೀನ ಕರೀರಿ.”

ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಹೇಳುತ್ತೇನೆ ಅಂದೆ. “ಭಾನುವಾರ ಅಡ್ಡೆ ಬಾಗಿಲಲ್ಲಿ ಇರ್ತೀನಿ” ಅಂದು ಸೈಕಲ್ ಹತ್ತಿದರು.

ಹೇಳುತ್ತೇನೆ ಅಂದಿದ್ದೆ. ಹೇಳಿದ್ದೇನೆ.

ಅಕ್ಕ